ಮತ್ತೆ ಹಾಯಿ ಹಿಡಿಯಬೇಕೆನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ಬಳ್ಳಾರಿ, ರಾಯಚೂರು ಕಡಲಿನಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ಒಳಗಿರುವ ಊರುಗಳು. ಆದರೂ ಇಲ್ಲಿ ವಿಂಡ್‌ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಕೈಯಲ್ಲಿ ಹಾಯಿ ಹಿಡಿದು ನೀರಿನ ಮೇಲೆ ಓಡುವ ಆಟ, ಬಲ್ಲವರು ಸಿಗುತ್ತಾರೆ. ಎನ್‌ಸಿಸಿಯ ನೌಕಾ ವಿಭಾಗದಲ್ಲೋ ಸೇನೆಯಲ್ಲೋ ಗೋವಾದ ಕಡಲತೀರದಲ್ಲೋ ಕಲಿತವರು. ಆಮೇಲೆ ನೌಕರಿ, ಮದುವೆ, ಹೊಲಮನೆಯ ಜವಾಬ್ದಾರಿ ಎಂದು ಬಿಟ್ಟವರು. ನಾನು ಕೊಪ್ಪಳದವನು, ಬಹುಕಾಲ ಬಿಟ್ಟು ಮತ್ತೆ ಹಿಡಿದವನು. ಅಂಥವರು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಬಿಟ್ಟು ಹತ್ತು ಹದಿನೈದು ವರ್ಷವಾಯಿತು. ಎಲ್ಲವೂ ಮರೆತುಹೋಗಿರುತ್ತದೆಯೇ?

ಮೈ ಮರೆತಿರುವುದಿಲ್ಲ. ಹಲಗೆಯ ಮೇಲೆ ಪಾದ ಊರಿದ ಕೂಡಲೇ ಮಂಡಿ ತಾನಾಗಿ ಬಾಗುತ್ತದೆ, ಹಾಯಿ ಗಾಳಿ ತುಂಬಿಕೊಂಡಾಗ ಸೊಂಟ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಇದನ್ನು ಎಷ್ಟೋ ಜನರಲ್ಲಿ ನೋಡಿದ್ದೇನೆ.

ಸೊರಗಿರುವುದು ಕೈ ಮತ್ತು ಕಣ್ಣು. ಕೈಯ ವಿಷಯ ಸುಲಭ: ಅಂಗೈಯ ಚರ್ಮ ಮೆತ್ತಗಾಗಿರುತ್ತದೆ, ಮುಂಗೈ ಬೇಗ ಬಿಗಿದುಕೊಳ್ಳುತ್ತದೆ, ಬೊಬ್ಬೆ ಏಳುತ್ತದೆ. ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಕಣ್ಣಿಗೆ ಹೆಚ್ಚು ಕಾಲ ಬೇಕು. ಗಾಳಿಯ ಹೊಡೆತ ನೀರಿನ ಮೇಲೆ ಕಪ್ಪು ಛಾಯೆಯಾಗಿ, ಒತ್ತೊತ್ತಾದ ಸಣ್ಣ ತೆರೆಗಳಾಗಿ ಓಡಿಬರುತ್ತದೆ. ಅದು ನಿಮ್ಮನ್ನು ತಲುಪುವ ಮೊದಲೇ ಮಂಡಿ ಬಗ್ಗಿಸಿ, ಹಿಂದಿನ ಕೈ ಸಡಿಲಿಸಲು ಸಿದ್ಧರಾಗಿರಬೇಕು. ರೂಢಿಯಲ್ಲಿದ್ದಾಗ ಇದನ್ನು ಯೋಚಿಸದೆ ಮಾಡುತ್ತಿದ್ದಿರಿ. ಈಗ ಛಾಯೆ ಕಾಣುತ್ತದೆ, ಆದರೆ ಅದರ ಅರ್ಥ ತಡವಾಗಿ ಹೊಳೆಯುತ್ತದೆ, ಅಷ್ಟರಲ್ಲಿ ನೀರಿಗೆ ಬಿದ್ದಿರುತ್ತೀರಿ. ಆದ್ದರಿಂದ ಮೊದಲ ದಿನ ಹಾಯಿ ಕಟ್ಟುವ ಮುನ್ನ ಒಂದು ಗಂಟೆ ದಂಡೆಯ ಮೇಲೆ ಕುಳಿತು ನೀರು ನೋಡಿ. ಇದಕ್ಕಿಂತ ಒಳ್ಳೆಯ ಸಲಹೆ ನನ್ನಲ್ಲಿಲ್ಲ.

ಅಷ್ಟು ಕಷ್ಟಪಟ್ಟು ಜನ ಇದನ್ನು ಯಾಕೆ ಮಾಡುತ್ತಾರೆ?

ಮನೆಯವರು, ದಂಡೆಯಲ್ಲಿ ದನ ಕಾಯುವವರು, ಜೀಪಿನ ಮೇಲೆ ಹಲಗೆ ಕಟ್ಟುವಾಗ ಅಕ್ಕಪಕ್ಕದವರು, ಎಲ್ಲರೂ ಕೇಳುವ ಪ್ರಶ್ನೆ ಇದು. ಹಾಗಾಗಿ ಸಮಾಧಾನವಾಗಿ ಹೇಳುತ್ತೇನೆ.

ಸಾಮಾನ್ಯ ಹಾಯಿದೋಣಿಯಲ್ಲಿ ಗಾಳಿಗೂ ಮನುಷ್ಯನಿಗೂ ನಡುವೆ ಹಗ್ಗ, ರಾಟೆ, ಚುಕ್ಕಾಣಿ ಇರುತ್ತವೆ. ವಿಂಡ್‌ಸರ್ಫಿಂಗ್‌ನಲ್ಲಿ ಅವು ಯಾವುವೂ ಇಲ್ಲ. ಹಾಯಿಯ ಕಂಬ ಎತ್ತ ಬೇಕಾದರೂ ಬಾಗುವ ಒಂದು ಕೀಲಿನ ಮೇಲೆ ಕೂತಿರುತ್ತದೆ. ಅದು ನೆಟ್ಟಗೆ ನಿಲ್ಲುವುದು ನೀವು ಹಿಡಿದಿರುವುದರಿಂದ ಮಾತ್ರ. ಹಾಯಿಯನ್ನು ಮುಂದಕ್ಕೆ ವಾಲಿಸಿದರೆ ಹಲಗೆಯ ಮೂತಿ ಗಾಳಿಯಿಂದ ಆಚೆಗೆ ತಿರುಗುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿಯ ಕಡೆಗೆ. ಚುಕ್ಕಾಣಿಯ ಕೆಲಸವನ್ನು ನಿಮ್ಮ ಇಡೀ ಮೈ ಮಾಡುತ್ತದೆ.

ಈ ಕೀಲಿನ ಯೋಚನೆ ಒಂದಕ್ಕಿಂತ ಹೆಚ್ಚು ಕಡೆ ಹುಟ್ಟಿತು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ನ್ಯೂಮನ್ ಡಾರ್ಬಿ 1964ರಲ್ಲಿ ಇಂಥ ಹಲಗೆ ಮಾಡಿದರು. ಕ್ಯಾಲಿಫೋರ್ನಿಯದಲ್ಲಿ ವಿಮಾನ ಎಂಜಿನಿಯರ್ ಜಿಮ್ ಡ್ರೇಕ್ ಮತ್ತು ಹೊಯ್ಲ್ ಶ್ವೈಟ್ಸರ್ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಮುಂದೆ ಪೇಟೆಂಟಿನ ವ್ಯಾಜ್ಯ ಇಂಗ್ಲೆಂಡಿನ ನ್ಯಾಯಾಲಯಕ್ಕೆ ಹೋದಾಗ, ಪೀಟರ್ ಚಿಲ್ವರ್ಸ್ ಎಂಬವರು 1958ರಲ್ಲಿ, ಹನ್ನೆರಡು ವರ್ಷದ ಹುಡುಗನಾಗಿದ್ದಾಗಲೇ, ಹೇಲಿಂಗ್ ದ್ವೀಪದ ಬಳಿ ಇಂಥದ್ದೊಂದನ್ನು ಕಟ್ಟಿ ಓಡಿಸಿದ್ದರು ಎಂಬುದು ಮುಂದೆ ಬಂತು. ಬ್ರಿಟನ್ನಿನಲ್ಲಿ ಆ ಪೇಟೆಂಟ್ ನಿಲ್ಲಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಗಾಳಿಯನ್ನು ಕೈಯಲ್ಲೇ ಹಿಡಿಯಬೇಕು ಎಂಬ ಆಸೆ ಯಾರಿಗಾದರೂ ಹುಟ್ಟಬಹುದು.

ನಮ್ಮ ಕಡೆ ಕಣದಲ್ಲಿ ರಾಶಿ ತೂರಿದವರಿಗೆ ಇದು ಬೇಗ ತಿಳಿಯುತ್ತದೆ. ಮೊರ ಎತ್ತಿ ಗಾಳಿಗಾಗಿ ಕಾಯುವುದು, ಅದು ಬಂದ ಕ್ಷಣಕ್ಕೆ ಕೈ ಬಿಡುವುದು, ಹೋದ ಕೂಡಲೇ ತಡೆಯುವುದು. ಕಾಳೂ ಹೊಟ್ಟೂ ಬೇರೆಯಾಗುವುದು ಆ ಗಮನದಿಂದ. ‘ಗಾಳಿ ಬಂದಾಗ ತೂರಿಕೋ’ ಎನ್ನುವ ಜನ ನಾವು. ಹಾಯಿ ಹಿಡಿದವರ ಗಮನವೂ ಅದೇ ಜಾತಿಯದು. ಅರ್ಧ ಗಂಟೆ ಸಾಲದ ಕಂತು, ಬೋರ್‌ವೆಲ್ ದುರಸ್ತಿ, ಮಗಳ ಪರೀಕ್ಷೆ ಯಾವುದೂ ತಲೆಗೆ ಬರುವುದಿಲ್ಲ. ಬರಲು ಜಾಗವೇ ಇರುವುದಿಲ್ಲ.

ಇನ್ನು ವೇಗ. ಗಾಳಿ 12ರಿಂದ 15 ನಾಟ್, ಅಂದರೆ ಗಂಟೆಗೆ 22ರಿಂದ 28 ಕಿಲೋಮೀಟರ್ ಮುಟ್ಟಿದಾಗ, ನೀರನ್ನು ಸೀಳುತ್ತಿದ್ದ ಹಲಗೆ ತಾನೇ ಎಬ್ಬಿಸಿದ ತೆರೆಯ ಮೇಲೆ ಹತ್ತಿ ಜಾರತೊಡಗುತ್ತದೆ. ಮೊದಲು ಸದ್ದು ಬದಲಾಗುತ್ತದೆ: ಮೂತಿಯ ಕೆಳಗೆ ತಪತಪ ಎನ್ನುತ್ತಿದ್ದ ನೀರು ಸುಯ್ಯೆನ್ನುತ್ತದೆ. ಪಾದದ ಮುಂದೆ ಸಿಡಿಯುತ್ತಿದ್ದ ಹನಿಗಳು ಪಾದದ ಹಿಂದಕ್ಕೆ ಸರಿಯುತ್ತವೆ. ಕೈಗೆ ಭಾರವಾಗಿದ್ದ ಹಾಯಿ ಒಮ್ಮೆಲೇ ಹಗುರವಾಗುತ್ತದೆ, ಹಿಂಗಾಲಿನ ಅಡಿಯಲ್ಲಿ ಫಿನ್‌ನ, ಅಂದರೆ ಹಲಗೆಯ ಹಿಂತುದಿಯ ಕೆಳಗೆ ನೀರಿನಲ್ಲಿರುವ ಈಜುರೆಕ್ಕೆಯಂಥ ಪಟ್ಟಿಯ, ನಡುಕ ತಿಳಿಯುತ್ತದೆ. ಫ್ರಾನ್ಸಿನ ಆಂಟ್ವಾನ್ ಆಲ್ಬೋ 2015ರಲ್ಲಿ ನಮೀಬಿಯದ ಲೂಡೆರಿಟ್ಸ್ ಕಾಲುವೆಯಲ್ಲಿ 53.27 ನಾಟ್, ಗಂಟೆಗೆ 98 ಕಿಲೋಮೀಟರ್ ಮೀರಿದ ವೇಗ ಮುಟ್ಟಿದರು. ನಮಗೆ ಅಷ್ಟು ಬೇಡ. ಮೇಲೆ ಹೇಳಿದ ಆ ಒಂದು ಕ್ಷಣ ಸಾಕು. ಬಿಟ್ಟವರು ವರ್ಷಗಟ್ಟಲೆ ನೆನೆಯುವುದೂ ಅದನ್ನೇ.

ನಮ್ಮ ಮೂರು ಜಿಲ್ಲೆಗಳಲ್ಲಿ ಎಲ್ಲಿ ಆಡಬಹುದು?

ಮುಖ್ಯವಾಗಿ ತುಂಗಭದ್ರಾ ಜಲಾಶಯ. ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರವು. ಅಣೆಕಟ್ಟಿನ ಎಡದಂಡೆ ಕೊಪ್ಪಳ ಜಿಲ್ಲೆಯ ಮುನಿರಾಬಾದ್. ಬಲದಂಡೆಯ ಹೊಸಪೇಟೆ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಅಣೆಕಟ್ಟು ಜಲಾಶಯದ ಈಶಾನ್ಯ ತುದಿಯಲ್ಲಿದೆ. ಮುಂಗಾರಿನ ಗಾಳಿ ಬೀಸುವುದು ನೈಋತ್ಯದಿಂದ, ಪಡುವಣದಿಂದ. ಅಂದರೆ ಹಾಯಿ ಮುರಿದರೆ, ಕೈ ಸೋತರೆ, ಗಾಳಿ ನಿಮ್ಮನ್ನು ಒಯ್ಯುವುದು ಅಣೆಕಟ್ಟಿನ ಕಡೆಗೆ. 33 ಗೇಟುಗಳಲ್ಲಿ ಕೆಲವು ತೆರೆದಿದ್ದರೂ ನೀರು ಕೂಡ ಅತ್ತಲೇ ಎಳೆಯುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ನೀರಿನ ರಭಸ ಎಂಥದ್ದು ಎಂಬುದನ್ನು ಈ ಭಾಗದವರೆಲ್ಲ ನೋಡಿದ್ದಾರೆ. ಅಣೆಕಟ್ಟು ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ ಇಳಿಯಬೇಡಿ. ಕಿಲೋಮೀಟರುಗಟ್ಟಲೆ ಮೇಲೆ, ಹಿನ್ನೀರು ಹರಡಿರುವ ಕಡೆ ಹೋಗಿ.

ದಂಡೆ ಆರಿಸುವಾಗ ನೀರಿಗೆ ಮುಖ ಮಾಡಿ ನಿಂತು ನೋಡಿ. ಗಾಳಿ ದಂಡೆಯ ಉದ್ದಕ್ಕೆ, ಎಡದಿಂದಲೋ ಬಲದಿಂದಲೋ, ಸ್ವಲ್ಪ ನೆಲದ ಕಡೆಗೆ ವಾಲಿ ಬೀಸುತ್ತಿದ್ದರೆ ಒಳ್ಳೆಯದು. ನೆಲದಿಂದ ನೀರಿನ ಕಡೆಗೆ ಬೀಸುತ್ತಿದ್ದರೆ ಹಾಯಿ ಬಿಚ್ಚಲೇಬೇಡಿ. ಅಂಥ ಗಾಳಿ ದಂಡೆಯ ಬಳಿ ಸೌಮ್ಯವಾಗಿ ಕಾಣುತ್ತದೆ. ನೂರಿನ್ನೂರು ಮೀಟರ್ ಒಳಗೆ ಹೋದ ಮೇಲೆ ಅದರ ಬಲ ತಿಳಿಯುತ್ತದೆ, ಆಗ ಹಿಂದಿರುಗುವುದು ಕಷ್ಟ.

ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳಿನಿಂದ ಸುಮಾರು 105ಕ್ಕೆ ಇಳಿದಿದೆ. ಆ ಹೂಳು ನಮಗೂ ಲೆಕ್ಕದ ವಿಷಯ: ದಂಡೆಯಿಂದ ದೂರವೂ ಮೊಣಕಾಲುದ್ದ ನೀರು, ಕೆಳಗೆ ಕಾಲು ಹೂತುಕೊಳ್ಳುವ ರಾಡಿ. ಉದ್ದ ಫಿನ್ ಬೇಡ. ನೀರು ಇಳಿದಾಗ ಬೆಳೆದ ಬಳ್ಳಾರಿ ಜಾಲಿ ನೀರು ಏರಿದಾಗ ಮುಳುಗಿರುತ್ತದೆ. ಅದರ ಮುಳ್ಳು ತೆಳು ಅಟ್ಟೆಯ ಬೂಟನ್ನು ಸಲೀಸಾಗಿ ದಾಟುತ್ತದೆ. ಗಟ್ಟಿ ಅಟ್ಟೆ ಇರಲಿ.

ಮೀನುಗಾರರನ್ನು ಕೇಳದೆ ನೀರಿಗೆ ಇಳಿಯಬಾರದು. ಇದು ಮರ್ಯಾದೆಯ ಮಾತೂ ಹೌದು, ಜೀವದ ಮಾತೂ ಹೌದು. ‘ಅಣ್ಣಾ, ಇವತ್ತು ಬಲೆ ಎಲ್ಲಿ ಬಿಟ್ಟಿದ್ದೀರಿ?’ ಎಂದರೆ ಹರಿಗೋಲಿನಿಂದಲೇ ಹುಟ್ಟು ಎತ್ತಿ ತೋರಿಸುತ್ತಾರೆ: ‘ಆ ಜಾಲಿ ಕಂಟಿಯ ಆಚೆ ಹೋಗಬೇಡ ತಮ್ಮಾ, ಈಚೆ ಎಲ್ಲಾ ಖಾಲಿ ಇದೆ.’ ಬಲೆಯ ಗುರುತು ತೇಲುವ ಥರ್ಮೋಕೋಲ್ ತುಂಡು ಅಥವಾ ಖಾಲಿ ಬಾಟಲಿ. ತೆರೆ ಎದ್ದಾಗ ಕಾಣುವುದಿಲ್ಲ. ಫಿನ್ ಬಲೆಗೆ ಸಿಕ್ಕಿದರೆ ನಿಮಗೆ ಅಪಾಯ, ಅವರಿಗೆ ನಷ್ಟ. ಹರಿಗೋಲಿಗೆ ಯಾವಾಗಲೂ ನೀವೇ ದಾರಿ ಬಿಡಿ.

ಗಂಗಾವತಿ ಬಳಿಯ ಸಣಾಪುರ ಕೆರೆಯ ಬಗ್ಗೆ ಅನೇಕರು ಕೇಳುತ್ತಾರೆ. ನೋಡಲು ಚೆಂದ, ಹಾಯಿಗೆ ಒಗ್ಗುವುದಿಲ್ಲ. ಸುತ್ತ ಬಂಡೆಗುಡ್ಡಗಳಿರುವುದರಿಂದ ಗಾಳಿ ಒಡೆದು ಸುತ್ತುತ್ತದೆ, ಮೇಲಾಗಿ ಪ್ರವಾಸಿಗರ ಹರಿಗೋಲುಗಳು. ರಾಯಚೂರಿನವರು ಕೃಷ್ಣೆಯಲ್ಲಿ ಇಳಿಯುವ ಯೋಚನೆ ಬಿಡಬೇಕು. ಬಂಡೆ, ಸೆಳೆತ, ಮೊಸಳೆ ಮೂರೂ ಇವೆ.

ಮೊಸಳೆ ಜಲಾಶಯದಲ್ಲಿಯೂ ಇದೆಯಲ್ಲವೇ?

ತುಂಗಭದ್ರೆಯಲ್ಲಿ ಮೊಸಳೆ ಇದೆ. ಬೆಳಗಿನ ಜಾವ, ಮುಸ್ಸಂಜೆ, ಜೊಂಡು ಬೆಳೆದ ಅಂಚು, ತೊರೆ ಸೇರುವ ಜಾಗ ಬಿಟ್ಟುಬಿಡಿ. ‘ಇಲ್ಲಿ ಕಂಡಿತ್ತು’ ಎಂದು ಮೀನುಗಾರರು ಹೇಳಿದ ದಂಡೆಗೆ ಆ ಋತುವಿನಲ್ಲಿ ಹೋಗಬೇಡಿ. ಅಣೆಕಟ್ಟಿನ ಕೆಳಗಿನ ನದಿಯಂತೂ ಬೇಡವೇ ಬೇಡ: ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ.

ಅನುಮತಿ ಬೇಕೇ?

ಬೇಕು ಎಂದುಕೊಂಡೇ ಹೊರಡಿ. ಅಣೆಕಟ್ಟಿನ ನಿರ್ವಹಣೆ ತುಂಗಭದ್ರಾ ಮಂಡಳಿಯದು. ಲಿಖಿತವಾಗಿ ಕೇಳಿ, ಆ ಭಾಗದ ಪೊಲೀಸ್ ಠಾಣೆಗೂ ತಿಳಿಸಿ. ಬೇಡ ಎಂದರೆ ವಾದಿಸದೆ ಬೇರೆ ನೀರು ಹುಡುಕಿ.

ಯಾವ ತಿಂಗಳು ಒಳ್ಳೆಯದು?

ಮೃಗಶಿರಾ ಮಳೆ ಕಾಲಿಡುತ್ತಿದ್ದಂತೆ ಪಡುವಣ ಗಾಳಿ ಎದ್ದು ಸೆಪ್ಟೆಂಬರ್ ತನಕ ಬೀಸುತ್ತದೆ. ಹಳಬರಿಗೆ ಅದು ಹಬ್ಬ. ಆದರೆ ಈಗಷ್ಟೇ ಮರಳಿದವರಿಗೆ ನಾನು ಅಕ್ಟೋಬರಿನಿಂದ ಜನವರಿ ಎನ್ನುತ್ತೇನೆ. ನೀರು ತುಂಬಿರುತ್ತದೆ, ಮೂಡಣ ಗಾಳಿ ಮೆಲ್ಲಗೆ ಬೀಸುತ್ತದೆ, ಬಿಸಿಲು ತಡೆಯಬಹುದು. ಮುಂಗಾರಿನ ಮೊದಲ ವಾರಗಳಲ್ಲಿ ಹೊಸ ನೀರಿನ ಜೊತೆ ಮರದ ದಿಮ್ಮಿ, ಕಸ ತೇಲಿಬರುತ್ತವೆ.

ಏಪ್ರಿಲ್, ಮೇ ಬೇಡ. ನೀರು ತಳ ಕಂಡಿರುತ್ತದೆ, ಬಿಸಿಲು 40 ಡಿಗ್ರಿ ದಾಟುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಸಿಡಿಲಿನ ಜೊತೆ ಒಮ್ಮೆಲೇ ಬಿರುಗಾಳಿ ನುಗ್ಗುತ್ತದೆ. ಬಯಲು ನೀರಿನ ನಡುವೆ ನಾಲ್ಕು ಮೀಟರಿನ ಕಂಬ ಹಿಡಿದು ನಿಂತವರಿಗಿಂತ ಎತ್ತರದ್ದು ಅಲ್ಲಿ ಬೇರೇನೂ ಇರುವುದಿಲ್ಲ. ಗುಡುಗಿನ ಮೊದಲ ಸದ್ದಿಗೇ ದಂಡೆ ಸೇರಬೇಕು.

ಕೊಪ್ಪಳ, ಗದಗದ ಕಡೆ ಗಾಳಿಯಂತ್ರಗಳು ಎತ್ತ ಮುಖ ಮಾಡಿವೆ ಎಂದು ದಾರಿಯಲ್ಲೇ ನೋಡಿಕೊಳ್ಳಿ, ದಿಕ್ಕು ತಿಳಿಯುತ್ತದೆ. ಬಲವನ್ನು ಅವುಗಳಿಂದ ಅಳೆಯಬೇಡಿ, ಅಷ್ಟು ಎತ್ತರದ ಗಾಳಿ ನೀರಿನ ಮಟ್ಟದ ಗಾಳಿಗಿಂತ ಜೋರು.

ಅಟ್ಟದ ಮೇಲೆ ಹಳೆಯ ಹಲಗೆ, ಹಾಯಿ ಇವೆ. ಬಳಸಬಹುದೇ?

ಹಲಗೆಯನ್ನು ಬಹುಶಃ ಬಳಸಬಹುದು, ಹಾಯಿಯನ್ನು ನೋಡಿ ಹೇಳಬೇಕು, ಕೀಲನ್ನು ಮಾತ್ರ ಬದಲಿಸಿಬಿಡಿ.

ಕೀಲಿನಿಂದ ಆರಂಭಿಸಿ. ಅದರ ರಬ್ಬರನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಬಗ್ಗಿಸಿ, ಬಾಗಿದ ಹೊರಮೈಯನ್ನು ಬಿಸಿಲಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕು ಇದ್ದರೂ ಅದು ನೀರಿನ ನಡುವೆ ಕಡಿಯುವ ಕೀಲು. ಕಡಿದರೆ ಹಾಯಿ ಒಂದು ಕಡೆ, ಹಲಗೆ ಒಂದು ಕಡೆ. ಬಿರುಕು ಕಾಣದಿದ್ದರೂ ಹತ್ತು ವರ್ಷದ ರಬ್ಬರನ್ನು ನಾನು ನಂಬುವುದಿಲ್ಲ.

ಹಾಯಿಯ ಪಾರದರ್ಶಕ ಹಾಳೆ ಬಿಸಿಲಿಗೆ ಗಡುಸಾಗಿ, ಮಬ್ಬಾಗಿ, ಬೆರಳಲ್ಲಿ ಒತ್ತಿದರೆ ಚಟಚಟ ಎನ್ನುತ್ತಿದ್ದರೆ ಅದು ಮೊದಲ ಬೀಳಿಗೇ ಹರಿಯುತ್ತದೆ. ಹಾಯಿ ಎತ್ತುವ ಹಗ್ಗ ಎಳೆತ ಕಳೆದುಕೊಂಡಿದ್ದರೆ ಹೊಸದು ಹಾಕಿ, ಅದು ದೊಡ್ಡ ಖರ್ಚಲ್ಲ.

ಹಲಗೆಯ ಮೇಲ್ಮೈಯನ್ನು ಬೆರಳ ಗೆಣ್ಣಿನಿಂದ ಬಡಿಯುತ್ತಾ ಹೋಗಿ. ಟಕ್ ಎನ್ನುವ ಕಡೆ ಗಟ್ಟಿ. ಡಬ್ ಎಂದು ಪೊಳ್ಳು ಸದ್ದು ಬಂದ ಕಡೆ ಪದರ ಬಿಟ್ಟಿದೆ. ಗಾಳಿ ತಿರುಪು ಇರುವ ಹಲಗೆಯನ್ನು ನಮ್ಮ ಬೇಸಿಗೆಯಲ್ಲಿ ತಗಡಿನ ಕೆಳಗೆ ಇಡುವಾಗ ತಿರುಪು ಸಡಿಲವಾಗಿರಬೇಕು, ಇಲ್ಲದಿದ್ದರೆ ಒಳಗಿನ ಗಾಳಿ ಹಿಗ್ಗಿ ಪದರ ಎಬ್ಬಿಸುತ್ತದೆ. ನೀರಿಗೆ ಇಳಿಸುವ ಮುನ್ನ ಮರೆಯದೆ ಬಿಗಿ ಮಾಡಿ.

ಹಿಂದೆ 95 ಲೀಟರಿನ ಹಲಗೆ ಓಡಿಸುತ್ತಿದ್ದೆ. ಈಗಲೂ ಅದೇ ಸಾಕಲ್ಲವೇ?

ಸಾಲದು. ಒಂದು ಲೀಟರ್ ಗಾತ್ರ ಸುಮಾರು ಒಂದು ಕಿಲೋ ಭಾರವನ್ನು ಹೊರುತ್ತದೆ. ನೀವು 75 ಕಿಲೋ, ಹಲಗೆ ಮತ್ತು ಹಾಯಿ ಸೇರಿ ಸುಮಾರು 20 ಕಿಲೋ ಎಂದರೆ 95 ಲೀಟರ್ ತೇಲಿದಂತೆ ಮುಳುಗಿದಂತೆ ನಿಲ್ಲುತ್ತದೆ. ಅದರ ಮೇಲೆ ನಿಂತು ಹಾಯಿ ಎತ್ತಲು ಆಗುವುದಿಲ್ಲ. ಗಾಳಿಯೇ ನಿಮ್ಮನ್ನು ನೀರಿನಿಂದ ಎತ್ತಬೇಕು, ಗಾಳಿ ನಿಂತರೆ ಈಜಬೇಕು. ಮರಳಿ ಬರುವವರು 160ರಿಂದ 200 ಲೀಟರಿನ, ನಡುವೆ ನೀರಿಗೆ ಇಳಿಬಿಡುವ ಪಟ್ಟಿ (ಡ್ಯಾಗರ್‌ಬೋರ್ಡ್) ಇರುವ ಅಗಲವಾದ ಹಲಗೆ ತೆಗೆದುಕೊಳ್ಳಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹಾಯಿ ಚಿಕ್ಕದಿರಲಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 10 ನಾಟ್ ಇದ್ದದ್ದು 14 ಆದರೆ ಹಾಯಿಯ ಎಳೆತ ಹೆಚ್ಚುಕಡಿಮೆ ಎರಡು ಪಟ್ಟು, 20 ಆದರೆ ನಾಲ್ಕು ಪಟ್ಟು. 4.5ರಿಂದ 5.5 ಚದರ ಮೀಟರ್ ಹಾಯಿಯಿಂದ ಶುರುಮಾಡಿ.

ವಯಸ್ಸು ಐವತ್ತು ದಾಟಿದೆ. ಆಗುತ್ತದೆಯೇ?

ಆಗುತ್ತದೆ. ಎಪ್ಪತ್ತು ದಾಟಿದವರೂ ಆಡುತ್ತಾರೆ. ತೋಳಿನ ಬಲಕ್ಕಿಂತ ಮೈಭಾರವನ್ನು ಬಳಸುವ ಆಟ ಇದು. ಬಿಪಿ, ಸಕ್ಕರೆ, ಎದೆಯ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು. ಉಳಿದವರು ತಿಂಗಳ ಮುಂಚೆಯೇ ಕಂಬಿಗೆ ಜೋತುಬೀಳುವುದು, ಬಸ್ಕಿ, ಒಂಟಿ ಕಾಲಲ್ಲಿ ನಿಲ್ಲುವುದನ್ನು ಶುರುಮಾಡಿ. ಹಾಯಿ ಎತ್ತುವಾಗ ಬೆನ್ನು ಬಗ್ಗಿಸಿ ಜಗ್ಗಬೇಡಿ. ಮಂಡಿ ಬಗ್ಗಿಸಿ, ಬೆನ್ನು ನೇರ ಇಟ್ಟು, ಹಿಂದಕ್ಕೆ ವಾಲಿ. ನೀರು ತಾನಾಗಿ ಹಾಯಿಯಿಂದ ಜಾರಿಹೋಗಲು ಬಿಡಿ. ಸೊಂಟ ಹಿಡಿದುಕೊಳ್ಳುವುದು ಆ ಮೊದಲ ಹತ್ತು ಸೆಕೆಂಡಿನ ಅವಸರದಿಂದಲೇ.

ನಮ್ಮ ಬಿಸಿಲಿನಲ್ಲಿ ನೀರಿನ ಮೇಲೆ ಬಾಯಾರಿಕೆ ತಿಳಿಯುವುದಿಲ್ಲ. ಉಪ್ಪು ಹಾಕಿದ ಮಜ್ಜಿಗೆ ಒಯ್ಯಿರಿ, ತುಂಬುತೋಳಿನ ಅಂಗಿ ಹಾಕಿ. ಜಲಾಶಯದ ನೀರು ಪಾಚಿಯಿಂದ ಹಸಿರುಗಟ್ಟಿದ್ದರೆ ಆ ದಿನ ಬಿಡಿ.

ಮೊದಲ ದಿನ ಏನೇನು ಮಾಡಬೇಕು?

ಹಾಯಿ ಎತ್ತಿ, ಬಿಡಿ. ಮತ್ತೆ ಎತ್ತಿ. ನಿಂತಲ್ಲೇ ಹಲಗೆಯನ್ನು ಒಂದು ಸುತ್ತು ತಿರುಗಿಸಿ. ಗಾಳಿಗೆ ಅಡ್ಡಲಾಗಿ ಸ್ವಲ್ಪ ದೂರ ಹೋಗಿ, ಗಾಳಿಯ ಕಡೆಗೆ ತಿರುಗಿ, ಹೊರಟ ಜಾಗಕ್ಕೇ ಮರಳಿ. ಹೊರಟ ಜಾಗಕ್ಕೆ ಮರಳಲು ಆಗುತ್ತಿದೆಯೇ ಎಂಬುದೇ ಆ ದಿನದ ಪರೀಕ್ಷೆ. ಮೈಯನ್ನು ಹಾಯಿಗೆ ಕೊಕ್ಕೆಯಿಂದ ಸಿಕ್ಕಿಸುವ ಸೊಂಟದ ಪಟ್ಟಿ, ಹಾರ್ನೆಸ್, ಮನೆಯಲ್ಲೇ ಇರಲಿ. ಒಂದು ಗಂಟೆಗೆ ಮುಗಿಸಿ, ಇನ್ನೂ ಬಲ ಇದೆ ಎನ್ನಿಸುವಾಗಲೇ.

ನೀರಿನ ನಡುವೆ ಸಿಕ್ಕಿಕೊಂಡರೆ?

ಹಲಗೆ ಬಿಡಬೇಡಿ. ಇದೊಂದು ನೆನಪಿದ್ದರೆ ಉಳಿದದ್ದಕ್ಕೆ ಸಮಯ ಸಿಗುತ್ತದೆ. ಈಜು ಬಲ್ಲೆ ಎಂದು ಹಲಗೆ ಬಿಟ್ಟು ದಂಡೆಗೆ ಈಜಲು ಹೊರಡುವವರೇ ಮುಳುಗುವುದು. ಹಾಯಿಯನ್ನು ಹಲಗೆಯ ಹಿಂಭಾಗಕ್ಕೆ ಅಡ್ಡಲಾಗಿ ಮಲಗಿಸಿ, ಹೊಟ್ಟೆಯ ಮೇಲೆ ಮಲಗಿ ಕೈಯಿಂದ ಹುಟ್ಟುಹಾಕಿ. ಗಾಳಿ ಜೋರಿದ್ದರೆ ಹಾಯಿ ಬಿಚ್ಚಿ ಕಂಬಕ್ಕೆ ಸುತ್ತಿಕೊಳ್ಳಿ. ಅದೂ ಆಗದಿದ್ದರೆ ಹಾಯಿಯನ್ನು ಬಿಟ್ಟು ಹಲಗೆಯನ್ನು ಉಳಿಸಿಕೊಳ್ಳಿ. ಸಹಾಯ ಬೇಕಿದ್ದರೆ ಎರಡೂ ತೋಳು ಪಕ್ಕಕ್ಕೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಇದು ಎಲ್ಲ ಕಡೆ ನಡೆಯುವ ಸಂಕೇತ. ದಂಡೆಯಲ್ಲಿರುವವರಿಗೆ ಇದನ್ನು ಮೊದಲೇ ಹೇಳಿಕೊಡಿ, ಇಲ್ಲವಾದರೆ ಅವರೂ ಕೈ ಬೀಸುತ್ತಾರೆ. ನೀರು ಹೋಗದ ಚೀಲದಲ್ಲಿ ಮೊಬೈಲ್ ಇರಲಿ, ತುರ್ತು ಸಂಖ್ಯೆ 112. ಲೈಫ್‌ಜಾಕೆಟ್ ಇಲ್ಲದೆ, ಒಂಟಿಯಾಗಿ ಯಾರೂ ಇಳಿಯಬಾರದು.

ಯಾರಾದರೂ ಮತ್ತೊಮ್ಮೆ ಹೇಳಿಕೊಟ್ಟರೆ ಚೆನ್ನಿತ್ತು. ಎಲ್ಲಿಗೆ ಹೋಗಲಿ?

ಬಳ್ಳಾರಿ, ಕೊಪ್ಪಳದವರಿಗೆ ಗೋವಾ ಸುಲಭ. ಅಮರಾವತಿ ಎಕ್ಸ್‌ಪ್ರೆಸ್ ನೇರವಾಗಿ ವಾಸ್ಕೋಗೆ ಹೋಗುತ್ತದೆ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಸಾಗರ ತಾಲ್ಲೂಕಿನ ಹೊನ್ನೆಮರಡು, ಶರಾವತಿಯ ಹಿನ್ನೀರಿನಲ್ಲಿ, ಕಡಲಿನ ಅಲೆಗೆ ಅಂಜುವವರಿಗೆ ಒಳ್ಳೆಯ ಜಾಗ. ಎರಡು ದಿನ ಗುರುವಿನ ಕಣ್ಣೆದುರು ಆಡುವುದು ಎರಡು ತಿಂಗಳು ಒಬ್ಬರೇ ಬೀಳುವುದಕ್ಕಿಂತ ಮೇಲು.

ಈಗ ಎಲ್ಲರೂ ಫಾಯಿಲ್ ಎನ್ನುತ್ತಾರೆ. ಅದನ್ನೇ ಕಲಿಯಲೇ?

ಹಲಗೆಯ ಕೆಳಗಿನ ರೆಕ್ಕೆ ಇಡೀ ಹಲಗೆಯನ್ನು ನೀರಿನಿಂದ ಎತ್ತುತ್ತದೆ. ಕಡಿಮೆ ಗಾಳಿಗೂ ಓಡುತ್ತದೆ. 1984ರಲ್ಲಿ ಪುರುಷರಿಗೆ, 1992ರಲ್ಲಿ ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ ಜಾಗ ಸಿಕ್ಕ ಈ ಆಟ 2024ರ ಪ್ಯಾರಿಸ್‌ನಲ್ಲಿ ಪೂರ್ತಿ ಫಾಯಿಲ್‌ಗೆ ಹೊರಳಿತು. ಆದರೆ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 2023ರಲ್ಲಿ ನಮ್ಮ ಇಬಾದ್ ಅಲಿ ಕಂಚು ಗೆದ್ದದ್ದು ಹಳೆಯ ಬಗೆಯ ಹಲಗೆಯ ಮೇಲೆಯೇ. ಫಾಯಿಲ್‌ಗೆ ಕೆಳಗೆ ಒಂದು ಮೀಟರಿಗೂ ಹೆಚ್ಚು ಆಳ ಬೇಕು. ಹೂಳು, ಜಾಲಿ, ಬಲೆ ಇರುವ ನಮ್ಮ ಹಿನ್ನೀರಿಗೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಮಗನೂ ಕಲಿಯಬೇಕು ಎನ್ನುತ್ತಾನೆ. ಕರೆದೊಯ್ಯಲೇ?

ಮೊದಲು ಈಜು ಬರಲಿ, ಲೈಫ್‌ಜಾಕೆಟ್ ಹಾಕಿಕೊಂಡು ತಲೆಕೆಳಗಾಗಿ ಬಿದ್ದು ಏಳುವುದು ರೂಢಿಯಾಗಲಿ. ಮಕ್ಕಳಿಗೆ ಮಕ್ಕಳ ಅಳತೆಯ ಹಾಯಿಯೇ ಬೇಕು, ಎರಡು ಮೂರು ಚದರ ಮೀಟರಿನದು. ದೊಡ್ಡವರ ಹಾಯಿ ಕೊಟ್ಟರೆ ಎತ್ತಲಾರದೆ ಬೇಸರಪಟ್ಟು ಬಿಟ್ಟುಬಿಡುತ್ತಾರೆ. ಮೊದಲ ಕೆಲವು ಸಲ ಹಲಗೆಗೆ ಉದ್ದ ಹಗ್ಗ ಕಟ್ಟಿ, ಸೊಂಟದುದ್ದ ನೀರಿನಲ್ಲಿ ನೀವೇ ಹಿಡಿದು ನಿಲ್ಲಿ. ಅವನು ನೀರಿನಲ್ಲಿರುವ ಹೊತ್ತು ನಿಮ್ಮ ಹಾಯಿ ಜೀಪಿನಲ್ಲೇ ಇರಬೇಕು.